ಅಪ್ಪ 'ಪುಷ್ಪಕ ವಿಮಾನ' ನೋಡಲ್ಲ ಅಂತ ಹಠ ಹಿಡಿದಿದ್ದಾರೆ. ಯಾರು ಸರಿ?

ಕಾಫಿಪುಡಿ
ವಿಷಯ ಸಣ್ಣದು, ಮನೆಯಲ್ಲಿ ಮಾತ್ರ ದೊಡ್ಡದಾಗಿ ಕೂತಿದೆ. ಅಪ್ಪ ಅಮ್ಮ ಮದುವೆಯಾದ ಹೊಸದರಲ್ಲಿ, 1987ರ ಕೊನೆಗೆ, ಜೊತೆಯಾಗಿ ಹೋಗಿ ನೋಡಿದ ಮೊದಲ ಸಿನಿಮಾ 'ಪುಷ್ಪಕ ವಿಮಾನ', ಕಮಲ್ ಹಾಸನ್ ನಾಯಕರಾಗಿರುವ, ಮಾತೇ ಇಲ್ಲದ ಸಿನಿಮಾ. ಅಲ್ಲಿಂದ ಇಲ್ಲಿವರೆಗೆ ಮದುವೆ ದಿನ ಬಂತು ಅಂದರೆ ಅದನ್ನು ನೋಡಲೇಬೇಕು. ಮೊದಲು ವಿಸಿಆರ್ ಬಾಡಿಗೆಗೆ ತರುತ್ತಿದ್ದರು, ಆಮೇಲೆ ಸಿಡಿ ಬಂತು, ಈಗ ನಾನೇ ಟಿವಿಗೆ ಹಾಕಿಕೊಡುತ್ತೇನೆ. ನಾನು ಹುಟ್ಟುವ ಮುಂಚಿನ ಪದ್ಧತಿ ಇದು.

ಈಗ ಅಪ್ಪ ಒಲ್ಲೆ ಅಂತಿದ್ದಾರೆ. ಕಾರಣ ನಿಮಗೆಲ್ಲ ಗೊತ್ತು. 2025ರ ಮೇ ತಿಂಗಳಲ್ಲಿ ಚೆನ್ನೈನಲ್ಲಿ ತಮ್ಮ 'ಥಗ್ ಲೈಫ್' ಸಿನಿಮಾದ ಕಾರ್ಯಕ್ರಮದಲ್ಲಿ ಕಮಲ್ ಹಾಸನ್ ಅವರು ಶಿವರಾಜ್‌ಕುಮಾರ್ ಮುಂದೆಯೇ ಕನ್ನಡ ತಮಿಳಿನಿಂದ ಹುಟ್ಟಿದ್ದು ಅಂದರಲ್ಲ, ಆವತ್ತಿನಿಂದ ಅಪ್ಪನಿಗೆ ಆ ಮುಖ ಕಂಡರೆ ಆಗಲ್ಲ. ಚಾನೆಲ್ ಬದಲಿಸುತ್ತಾರೆ. ಅಮ್ಮ ಒಂದೇ ಮಾತು ಕೇಳಿದರು: "ಆ ಸಿನಿಮಾದಲ್ಲಿ ಆತ ಬಾಯೇ ಬಿಡಲ್ಲವಲ್ಲ, ಅದಕ್ಕೂ ಕೋಪವಾ?"

ಅಪ್ಪ ಉತ್ತರ ಕೊಡಲಿಲ್ಲ. ಮದುವೆ ದಿನ ಈ ಭಾನುವಾರ. ನೀವೆಲ್ಲ ಹೇಗೆ ಮಾಡುತ್ತೀರಿ? ಒಬ್ಬ ನಟ ಹೊರಗೆ ಹೇಳಿದ ಮಾತು ತಲೆಯಲ್ಲಿ ಇಟ್ಟುಕೊಂಡು ಅವರ ಸಿನಿಮಾ ನೋಡೋಕೆ ಆಗುತ್ತಾ?

ತುಮಕೂರ್_ಎಕ್ಸ್‌ಪ್ರೆಸ್
ಅಪ್ಪನಿಗೆ ನನ್ನ ಕಡೆಯಿಂದ ಒಂದು ಸಲಾಂ. ಬೇರೆ ಮಾತಿಲ್ಲ.

ಬಾಲ್ಕನಿ_ಟಿಕೆಟ್
ಅಪ್ಪನ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅವರು ಕೋಪವನ್ನು ತಪ್ಪು ಸಿನಿಮಾದ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ. 'ಪುಷ್ಪಕ ವಿಮಾನ' ಕಮಲ್ ಹಾಸನ್ ಅವರ ಆಸ್ತಿ ಅಲ್ಲ. ಅದಕ್ಕೆ ದುಡ್ಡು ಹಾಕಿದವರಲ್ಲಿ ನಮ್ಮ ಶೃಂಗಾರ್ ನಾಗರಾಜ್ ಇದ್ದರು. ನಿರ್ದೇಶಕರು ಸಿಂಗೀತಂ ಶ್ರೀನಿವಾಸರಾವ್, ಅಂದರೆ ರಾಜಕುಮಾರ್ ಅವರಿಗೆ 'ಹಾಲು ಜೇನು', 'ಚಲಿಸುವ ಮೋಡಗಳು' ಮಾಡಿದವರು. ಸಂಗೀತ ಎಲ್. ವೈದ್ಯನಾಥನ್, 'ಮಾಲ್ಗುಡಿ ಡೇಸ್' ಟ್ಯೂನ್ ಕೊಟ್ಟವರು. ಶೂಟಿಂಗ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಆ ದೊಡ್ಡ ಹೋಟೆಲ್ ವಿಂಡ್ಸರ್ ಮ್ಯಾನರ್. ಇಷ್ಟೆಲ್ಲ ನಮ್ಮದೇ ಇರುವಾಗ ಒಬ್ಬರಿಗಾಗಿ ಎಲ್ಲವನ್ನೂ ಬಿಡೋದಾ?

ಆ ಸಿನಿಮಾದ ಭಿಕ್ಷುಕನ ದೃಶ್ಯ ನೆನಪಿದೆಯಾ? ಸತ್ತವನ ಹಾಸಿಗೆ ಕೆಳಗೆ ನೋಟು ಸಿಕ್ಕ ಕೂಡಲೇ ಜನ ಹೆಣ ಮರೆತು ದುಡ್ಡಿಗೆ ಮುಗಿಬೀಳುತ್ತಾರೆ. ಒಂದು ಮಾತಿಲ್ಲದೆ ಅಷ್ಟು ಹೇಳಿದ್ದಾರೆ. ಅದನ್ನು ಯಾವ ಭಾಷೆಯಿಂದ ಹುಟ್ಟಿದ್ದು ಅಂತ ಕೇಳೋಣ ಈಗ?

ತುಮಕೂರ್_ಎಕ್ಸ್‌ಪ್ರೆಸ್
ಬಾಲ್ಕನಿ ಸಾರ್, ನೀವು ಸಿನಿಮಾ ಹೊಗಳಿ ಮುಗಿಸಿದಿರಿ, ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಆ ದೃಶ್ಯದ ನಡುವೆ ಇರುವ ಮುಖ ಯಾರದು? ನನ್ನ ಭಾಷೆ ಇನ್ನೊಂದರ ಮಗು ಅಂದವರದು. "ತಪ್ಪಾಯ್ತು" ಅನ್ನೋ ಒಂದು ಪದ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಫಿಲಂ ಚೇಂಬರ್‌ಗೆ ಕಾಗದ ಬರೆದರು, ಪ್ರೀತಿ ವಿಶ್ವಾಸ ಎಲ್ಲ ಬರೆದರು, ಆ ಒಂದು ಪದ ಮಾತ್ರ ಬರೆಯಲಿಲ್ಲ. ನೀವೇನು ಇತಿಹಾಸಕಾರರಾ, ಭಾಷಾ ತಜ್ಞರಾ ಅಂತ ಹೈಕೋರ್ಟೇ ಕೇಳಿತು.

ಹಳೇಗನ್ನಡ_ಹುಚ್ಚ
ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಇದು ನನ್ನ ಕಾಯಿಲೆ.

ಆ ಮಾತು ಬೇಜಾರಿನ ಮಾತು ಅಂತ ಬಿಟ್ಟರೂ, ಮೊದಲಿಗೆ ಅದು ತಪ್ಪು ಮಾಹಿತಿ. ಕನ್ನಡ, ತಮಿಳು ಎರಡೂ ಒಂದೇ ಹಳೆಯ ದ್ರಾವಿಡ ಮೂಲದಿಂದ ಬಂದವು. ಅಕ್ಕತಂಗಿ ಅನ್ನಿ, ತಾಯಿ ಮಗಳು ಅಲ್ಲ. ಒಂದು ಸುಲಭದ ಪುರಾವೆ ಕೊಡುತ್ತೇನೆ. ನಾವು 'ಕಿವಿ' ಅನ್ನುತ್ತೇವೆ, ಅವರು 'ಚೆವಿ' ಅನ್ನುತ್ತಾರೆ. ಇಲ್ಲಿ ಹಳೆಯ ಕಕಾರವನ್ನು ಉಳಿಸಿಕೊಂಡವರು ನಾವು, ಚಕಾರಕ್ಕೆ ತಿರುಗಿದವರು ಅವರು. ಕನ್ನಡ ತಮಿಳಿನಿಂದ ಹುಟ್ಟಿದ್ದರೆ ನಾವೂ ಚೆವಿ ಅನ್ನಬೇಕಿತ್ತು. ಹಾಗಂತ ತಮಿಳು ಕನ್ನಡದಿಂದ ಹುಟ್ಟಿತು ಅಂತ ಓಡಬೇಡಿ. ಅವರು 'ಪಾಲ್' ಅನ್ನುವುದನ್ನು ಹಾಗೇ ಉಳಿಸಿಕೊಂಡರು, ನಾವು 'ಹಾಲು' ಮಾಡಿಕೊಂಡೆವು. ಹಳಗನ್ನಡದಲ್ಲಿ ನಮ್ಮದೂ 'ಪಾಲ್' ಆಗಿತ್ತು. ಇಬ್ಬರೂ ಒಂದೊಂದು ಉಳಿಸಿಕೊಂಡರು, ಒಂದೊಂದು ಬದಲಿಸಿದರು.

ತುಮಕೂರ್_ಎಕ್ಸ್‌ಪ್ರೆಸ್
ಇದನ್ನ ಪ್ರಿಂಟ್ ತೆಗೆದು ಚೆನ್ನೈಗೆ ಕಳಿಸಿ.

ಹಳೇಗನ್ನಡ_ಹುಚ್ಚ
ಮೊದಲು ನಮ್ಮೂರಿನವರಿಗೆ ಕಳಿಸಬೇಕು. ಕನ್ನಡ ಸಂಸ್ಕೃತದಿಂದ ಹುಟ್ಟಿತು ಅಂತ ಹೇಳುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ಅವರ ಮೇಲೆ ಯಾರೂ ಧಿಕ್ಕಾರ ಕೂಗಲ್ಲ.

ಸುಮ್ನೆ_ಓದೋನು
ನಾನು ಹೆಸರಿಗೆ ತಕ್ಕಂತೆ ಸುಮ್ನೆ ಓದೋನು, ಆದರೆ ಇದು ನನ್ನದೇ ಕಥೆ. ನಟ ಅಲ್ಲ, ಗಾಯಕ. 2025ರ ಏಪ್ರಿಲ್ ಕೊನೆಗೆ ಬೆಂಗಳೂರಿನ ಕಾರ್ಯಕ್ರಮದಲ್ಲಿ ಸೋನು ನಿಗಮ್ ಅವರು, ಕನ್ನಡ ಹಾಡು ಹಾಡಿ ಅಂತ ಕೂಗಿದ ಹುಡುಗನಿಗೆ ಪಹಲ್ಗಾಮ್ ಉಗ್ರರ ದಾಳಿಯ ವಿಷಯ ತಂದು ಉತ್ತರ ಕೊಟ್ಟರಲ್ಲ, ಆವತ್ತು ರಾತ್ರಿ ಫೋನಿನಲ್ಲಿದ್ದ ಅವರ ಹಾಡು ಎಲ್ಲ ಅಳಿಸಿಹಾಕಿದೆ. ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ. ಅವಳು ಕೇಳಿದಳು, "ನಮ್ಮ ಮದುವೆ ವಿಡಿಯೋದಲ್ಲಿ ನಾವು ಕೈ ಹಿಡಿದುಕೊಂಡು ಸ್ಲೋ ಮೋಷನ್‌ನಲ್ಲಿ ನಡೆಯುವಾಗ ಹಿಂದೆ ಇರೋದು 'ಅನಿಸುತಿದೆ ಯಾಕೋ ಇಂದು'. ಅದನ್ನ ಏನು ಮಾಡ್ತೀಯಾ?"

2007ರ ಮದುವೆ ಸ್ವಾಮಿ. ಆ ವರ್ಷ ಮದುವೆಯಾದವರೆಲ್ಲರ ವಿಡಿಯೋದಲ್ಲೂ ಅದೇ ಹಾಡು. ಬರೆದವರು ಜಯಂತ ಕಾಯ್ಕಿಣಿ, ಟ್ಯೂನ್ ಮನೋಮೂರ್ತಿ. ಅವರೇನು ತಪ್ಪು ಮಾಡಿದ್ದಾರೆ?

ಮೈಸೂರ್_ಪಾಕ್
ಮ್ಯೂಟ್ ಮಾಡಿ ನೋಡಿ. ಅದೂ ಪುಷ್ಪಕ ವಿಮಾನ ಆಗುತ್ತೆ.

ಸುಮ್ನೆ_ಓದೋನು
😂😂 ಆಮೇಲೆ ಸೋನು ನಿಗಮ್ ಕ್ಷಮೆ ಕೇಳಿದರು. ನಾನು ಒಂದು ವಾರ ಬಿಟ್ಟು ಎರಡು ಹಾಡು ವಾಪಸ್ ಹಾಕಿಕೊಂಡೆ. ಎರಡೇ. ಮೊದಲಿನ ಸುಖ ಇಲ್ಲ, ನಿಜ ಹೇಳಬೇಕಂದ್ರೆ. ಹಾಡು ಚೆನ್ನಾಗೇ ಇದೆ, ಕೇಳುವಾಗ ಕಿವಿಯಲ್ಲಿ ಒಂದು ಕಲ್ಲು ಸಿಕ್ಕಿದ ಹಾಗೆ. ಅನ್ನದಲ್ಲಿ ಸಿಗುತ್ತಲ್ಲ, ಹಾಗೆ.

ಗಾಂಧಿನಗರದ_ಗೇಟು
ನಾನು ಇಪ್ಪತ್ತು ವರ್ಷದಿಂದ ಸಿನಿಮಾ ಹಂಚಿಕೆ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನೀವೆಲ್ಲ ಮನಸ್ಸಿನ ಲೆಕ್ಕ ಮಾತಾಡುತ್ತಿದ್ದೀರಿ, ನಾನು ದುಡ್ಡಿನ ಲೆಕ್ಕ ಹೇಳುತ್ತೇನೆ.

ಬೇರೆ ಭಾಷೆಯ ಸಿನಿಮಾ ಇಲ್ಲಿಗೆ ಬರಬೇಕಾದರೆ ಇಲ್ಲಿನ ಹಂಚಿಕೆದಾರ ಅದನ್ನು ಕೊಂಡುಕೊಳ್ಳಬೇಕು, ಇಲ್ಲವೇ ಮುಂಗಡ ಕೊಟ್ಟು ತರಬೇಕು. ಅವನು ಕನ್ನಡದವನೇ. ಪೋಸ್ಟರ್ ಅಂಟಿಸುವ ಹುಡುಗ, ಕ್ಯಾಂಟೀನಿನಲ್ಲಿ ಸಮೋಸ ಮಾರುವವನು, ಸೈಕಲ್ ಸ್ಟ್ಯಾಂಡ್ ಗುತ್ತಿಗೆ ಹಿಡಿದವನು, ಎಲ್ಲ ನಮ್ಮವರೇ. ನಟನಿಗೆ ಸಂಭಾವನೆ ಮೊದಲೇ ಮುಟ್ಟಿರುತ್ತದೆ. ಸಿನಿಮಾ ನಿಂತರೆ ಮೊದಲ ಪೆಟ್ಟು ಬೀಳುವುದು ಅವನಿಗಲ್ಲ. ಕಮಲ್ ಅವರ ವಿಷಯ ಸ್ವಲ್ಪ ಬೇರೆ, ಆ ಮಾತಿನಿಂದಾಗಿ ಇಲ್ಲಿ ಬಿಡುಗಡೆಯಾಗದ 'ಥಗ್ ಲೈಫ್'ಗೆ ಅವರೂ ನಿರ್ಮಾಪಕರು, ಅವರಿಗೂ ನಷ್ಟವಾಯಿತು. ಆದರೆ ಸತ್ಯರಾಜ್ ವಿಷಯ ನೆನಪು ಮಾಡಿಕೊಳ್ಳಿ. 'ಬಾಹುಬಲಿ 2' 2017ರ ಏಪ್ರಿಲ್ 28ಕ್ಕೆ ಬರಬೇಕಿತ್ತು. ಕಾವೇರಿ ಬಗ್ಗೆ ಅವರು ಒಂಬತ್ತು ವರ್ಷದ ಹಿಂದೆ ಆಡಿದ ಮಾತು ಹಿಡಿದು ಇಲ್ಲಿ ಬಿಡುಗಡೆಗೆ ತಡೆ ಹಾಕಿದರು. ಅವರು ಆ ಸಿನಿಮಾದಲ್ಲಿ ಕಟ್ಟಪ್ಪ, ಅಷ್ಟೇ. ನಿರ್ಮಾಪಕರಲ್ಲ, ನಿರ್ದೇಶಕರಲ್ಲ. ಕೊನೆಗೆ ವಿಡಿಯೋದಲ್ಲಿ ವಿಷಾದ ಅಂದರು, ತಮಿಳರ ಪರ ಮಾತಾಡೋದು ಬಿಡಲ್ಲ ಅಂತಲೂ ಸೇರಿಸಿದರು. ಸಿನಿಮಾ ಬಂತು. ಜನ ಮುಗಿಬಿದ್ದು ನೋಡಿದರು.

ಆ ವಾರ ನಮ್ಮ ಆಫೀಸಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ ಅಂತ ಊರೆಲ್ಲ ಕೇಳುತ್ತಿತ್ತು, ನಮಗೆ ಕಟ್ಟಪ್ಪ ನಮ್ಮನ್ನು ಯಾಕೆ ಕೊಲ್ಲುತ್ತಿದ್ದಾನೆ ಅನ್ನೋ ಚಿಂತೆ.

ಬಾಲ್ಕನಿ_ಟಿಕೆಟ್
ಒಂಬತ್ತು ವರ್ಷ! ಆ ಒಂಬತ್ತು ವರ್ಷದಲ್ಲಿ ಅವರ ಬೇರೆ ಸಿನಿಮಾಗಳೂ ಇಲ್ಲಿ ಬಂದಿವೆ. 'ಬಾಹುಬಲಿ' ಮೊದಲನೇ ಭಾಗವೇ 2015ರಲ್ಲಿ ಬಂತು. ಆಗ ಯಾರಿಗೂ ನೆನಪಾಗಲಿಲ್ಲ. ಸಿನಿಮಾ ದೊಡ್ಡದಾದಷ್ಟೂ ನೆನಪಿನ ಶಕ್ತಿ ಜಾಸ್ತಿಯಾಗುತ್ತೆ ಅನಿಸುತ್ತೆ.

ನ್ಯೂಜೆರ್ಸಿ_ರಾಗಿಮುದ್ದೆ
ತುಮಕೂರ್ ಅವರೇ ಒಂದು ಪ್ರಶ್ನೆ. ರಜನಿಕಾಂತ್ ಸಿನಿಮಾ ನೋಡ್ತೀರಾ?

ತುಮಕೂರ್_ಎಕ್ಸ್‌ಪ್ರೆಸ್
ನೋಡ್ತೀನಿ. ಅದಕ್ಕೇನೀಗ?

ನ್ಯೂಜೆರ್ಸಿ_ರಾಗಿಮುದ್ದೆ
ಏನಿಲ್ಲ, 2018ರಲ್ಲಿ ರಜನಿಯ ಕಾವೇರಿ ಮಾತಿಗೇ ಅವರ 'ಕಾಲಾ' ನಿಲ್ಲಿಸಬೇಕು ಅಂತ ಕರ್ನಾಟಕದಲ್ಲಿ ಗಲಾಟೆ ಆಗಿತ್ತಲ್ಲ. ಆಗ ಸಲಾಂ ಎಲ್ಲಿತ್ತು?

ತುಮಕೂರ್_ಎಕ್ಸ್‌ಪ್ರೆಸ್
ರಜನಿ ಬೇರೆ ಗುರು. ಅವರು ನಮ್ಮ ಬಿಟಿಎಸ್ ಬಸ್ ಕಂಡಕ್ಟರ್. ಮನೆ ಮಗ ಬೈದರೆ ಬೇರೆ, ಪಕ್ಕದ ಮನೆಯವರು ಬೈದರೆ ಬೇರೆ. ಅಲ್ಲದೆ 2008ರಲ್ಲಿ ಹೊಗೇನಕಲ್ ನೀರಿನ ಗಲಾಟೆ ಆದಾಗ ಅವರು ಕನ್ನಡಿಗರ ಹತ್ತಿರ ವಿಷಾದ ಹೇಳಿದರು, ಅದಕ್ಕೆ ತಮಿಳುನಾಡಿನಲ್ಲಿ ಬೈಸಿಕೊಂಡರು. ಎರಡೂ ಕಡೆ ಬೈಸಿಕೊಂಡವನ ಮೇಲೆ ನನಗೆ ಕನಿಕರ ಇದೆ.

ಮೈಸೂರ್_ಪಾಕ್
ಅಂದರೆ ನಿಯಮ ಏನು ಅಂದ್ರೆ, ನಮಗೆ ಇಷ್ಟ ಇರೋರಿಗೆ ವಿನಾಯ್ತಿ. ಬರೆದಿಟ್ಟುಕೊಂಡೆ.

ತುಮಕೂರ್_ಎಕ್ಸ್‌ಪ್ರೆಸ್
ಹೌದು, ಹಾಗೇ ಅಂದುಕೊಳ್ಳಿ. ಪ್ರೀತಿಗೆ ನಿಯಮ ಎಲ್ಲಿಂದ ತರೋದು? ಇಷ್ಟ ಇದ್ದವರ ಮೇಲೆ ಕೋಪ ಬಂದರೂ ಬೇಗ ಇಳಿಯುತ್ತೆ. ಎಲ್ಲರ ಮನೆಯಲ್ಲೂ ಹೀಗೇ.

ಧಾರವಾಡ_ಪೇಡೆ
ಕಮಲ್, ರಜನಿ ಅಂತ ಹೊರಗಿನವರ ಮ್ಯಾಲೇ ಯಾಕ್ರೀ ಮಾತು? ನಮ್ಮೊಳಗಿನವರ ವಿಷಯ ತಗೋರಿ.

ನಮ್ಮ ಮನಿಯಾಗ ಗಿರೀಶ ಕಾರ್ನಾಡರು ಅಂದ್ರ ದೇವರು ಇದ್ದಂಗ. ಅಜ್ಜ ಅವರ 'ತುಘಲಕ್' ನಾಟಕದ ಮಾತು ಬಾಯಿಪಾಠ ಹೇಳತಿದ್ದರು. 26 ವರ್ಷಕ್ಕ ಬರದ ನಾಟಕರೀ ಅದು! 'ಸಂಸ್ಕಾರ'ದ ಪ್ರಾಣೇಶಾಚಾರ್ಯ, 'ಮಾಲ್ಗುಡಿ ಡೇಸ್'ದಾಗ ಸ್ವಾಮಿಯ ಅಪ್ಪ, ಎಲ್ಲಾ ಅಚ್ಚುಮೆಚ್ಚು. 2015ರಾಗ ಬೆಂಗಳೂರು ವಿಮಾನ ನಿಲ್ದಾಣಕ್ಕ ಟಿಪ್ಪು ಹೆಸರು ಇಟ್ಟಿದ್ದರ ಚೊಲೋ ಇತ್ತು ಅಂದ್ರು. ಗದ್ದಲ ಆತು, ಕ್ಷಮಾನೂ ಕೇಳಿದರು. ಆದ್ರ ಅಜ್ಜಗ ಕೆಂಪೇಗೌಡರ ಮ್ಯಾಲೆ ಏನೂ ಇಲ್ಲ, ಟಿಪ್ಪು ಮ್ಯಾಲೆ ಸಿಟ್ಟು. ಕಾರ್ನಾಡರ ಪುಸ್ತಕ ಎಲ್ಲಾ ಒಂದು ಟ್ರಂಕಿಗೆ ಹಾಕಿ ಅಟ್ಟದ ಮ್ಯಾಲೆ ಇಟ್ಟರು.

ಹರಿಲಿಲ್ಲ ನೋಡ್ರಿ. ರದ್ದಿಗೂ ಹಾಕಲಿಲ್ಲ. 2019ರ ಜೂನ್‌ನಾಗ ಕಾರ್ನಾಡರು ತೀರಿಕೊಂಡ ಸುದ್ದಿ ಟಿವಿಯಾಗ ಬಂತು. ಮರುದಿನ ಮುಂಜಾನೆ ನೋಡಿದರ ಟ್ರಂಕು ಕೆಳಗಿತ್ತು. ಅಜ್ಜ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕಾಫಿಪುಡಿ
ಪೇಡೆ ಅವರೇ, ಇದು ಓದಿ ಒಂದು ನಿಮಿಷ ಸುಮ್ಮನೆ ಕೂತೆ. ನಮ್ಮ ಅಪ್ಪನೂ ಇದೇ ಜಾತಿ. ಸಿಡಿ ಇನ್ನೂ ಷೋಕೇಸ್‌ನಲ್ಲೇ ಇದೆ.

ಗಾಂಧಿನಗರದ_ಗೇಟು
ಒಳಗಿನವರು ಅಂದರೆ ಪ್ರಕಾಶ್ ರಾಜ್ ಹೆಸರು ಯಾರೂ ತೆಗೆಯಲಿಲ್ಲ, ಆಶ್ಚರ್ಯ.

ಸಂಜೆ_ಬಸ್ಸು
ತೆಗೆದರೆ ಥ್ರೆಡ್ ಮುಚ್ಚುತ್ತಾರೆ ಅಂತ ಎಲ್ಲರೂ ಹೆದರಿದ್ದಾರೆ.

ನಿರ್ವಾಹಕ
ಮುಚ್ಚಲ್ಲ. ಪಕ್ಷದ ಪ್ರಚಾರ ಬೇಡ, ನಟರ ಬಗ್ಗೆ ಮಾತಾಡಿ. ಇನ್ನೊಂದು ವಿಷಯ: ಕೋರ್ಟಿನಲ್ಲಿರುವ ಕ್ರಿಮಿನಲ್ ಕೇಸುಗಳನ್ನು ಇಲ್ಲಿ ಎಳೆಯಬೇಡಿ. ಅಭಿಪ್ರಾಯ ಬೇರೆ, ಅಪರಾಧದ ಆರೋಪ ಬೇರೆ. ಎರಡು ಕಾಮೆಂಟ್ ಈಗಾಗಲೇ ತೆಗೆದಿದ್ದೇನೆ.

ಬಾಲ್ಕನಿ_ಟಿಕೆಟ್
ಸರಿ, ನಾನೇ ಶುರು ಮಾಡುತ್ತೇನೆ. ನಮ್ಮ ಸೋದರಮಾವ ಪ್ರಕಾಶ್ ರಾಜ್ ಬಂದರೆ ಟಿವಿ ಆರಿಸುತ್ತಾರೆ. ಗೌರಿ ಲಂಕೇಶ್ ಹತ್ಯೆ ಆದ ಮೇಲೆ ಪ್ರಕಾಶ್ ರಾಜ್ ರಾಜಕೀಯ ಮಾತಾಡಲು ಶುರು ಮಾಡಿದರಲ್ಲ, ಅಲ್ಲಿಂದ. 2019ರಲ್ಲಿ ಬೆಂಗಳೂರು ಸೆಂಟ್ರಲ್‌ನಿಂದ ಪಕ್ಷೇತರರಾಗಿ ನಿಂತು ಠೇವಣಿ ಕಳೆದುಕೊಂಡಾಗ ಮಾವ ಮೈಸೂರುಪಾಕು ಹಂಚಿದ್ದರು. ಅದೇ ಮಾವನಿಗೆ ಅನಂತ್ ನಾಗ್ ಅಂದರೆ ಪ್ರಾಣ. ಅನಂತ್ ನಾಗ್ ಅವರ ರಾಜಕೀಯ ನಿಲುವೂ ಗುಟ್ಟೇನಲ್ಲ. 1994ರಲ್ಲೇ ಜನತಾದಳದಿಂದ ಮಲ್ಲೇಶ್ವರದಲ್ಲಿ ಗೆದ್ದು, ಜೆ.ಎಚ್. ಪಟೇಲರ ಸರ್ಕಾರದಲ್ಲಿ ಮಂತ್ರಿ ಆಗಿದ್ದವರು. ಈಚೆಗೆ ಮೋದಿಯವರನ್ನು ಬಹಿರಂಗವಾಗಿ ಹೊಗಳುತ್ತಾರೆ.

ಮಾವನಿಗೆ ಒಮ್ಮೆ ಹೇಳಿದೆ, "ಮಾವ, ನೀವು ನಟನೆ ಬೇರೆ ರಾಜಕೀಯ ಬೇರೆ ಅಂತ ನೋಡುತ್ತಿಲ್ಲ, ಇಬ್ಬರಲ್ಲೂ ರಾಜಕೀಯವನ್ನೇ ನೋಡುತ್ತಿದ್ದೀರಿ." ಅವರು ಕೇಳಿದರು, "ನೀನು?"

ಅಲ್ಲಿ ನಾನು ಸಿಕ್ಕಿಬಿದ್ದೆ. ನಾನು ಉಲ್ಟಾ. ಅನಂತ್ ನಾಗ್ ಸಂದರ್ಶನ ಬಂದರೆ ನಾನು ಎದ್ದು ಹೋಗುತ್ತೇನೆ, ಸಿನಿಮಾ ಬಂದರೆ ಕೂರುತ್ತೇನೆ. ಅಂದರೆ ನನ್ನದು ಸ್ವಲ್ಪ ಸುಲಭದ ದಾರಿ ಅಷ್ಟೇ.

ಮೈಸೂರ್_ಪಾಕ್
ನನ್ನ ಹೆಸರನ್ನು ರಾಜಕೀಯಕ್ಕೆ ಹಂಚಿದ್ದಕ್ಕೆ ನನ್ನ ವಿರೋಧ ಇದೆ.

ಧಾರವಾಡ_ಪೇಡೆ
'ನಾಗಮಂಡಲ'ದ ಪ್ರಕಾಶ್ ರಾಜ್ ನೋಡಿದೀರೇನು? ಅದಕ್ಕಿಂತ ಮುಂದ ಏನು ಮಾತಾಡಿದರೂ ನಂದು ಮಾಫಿ.

ಘಟ್ಟದ_ಕೆಳಗಿನವ
ನೀವೆಲ್ಲ ಘಟ್ಟದ ಮೇಲಿನವರು, ಇದನ್ನೊಂದು ದೊಡ್ಡ ಸಮಸ್ಯೆ ಮಾಡಿಕೊಂಡಿದ್ದೀರಿ ಮಾರಾಯ್ರೆ. ನಮ್ಮಲ್ಲಿ ತಾಳಮದ್ದಳೆ ಅಂತ ಒಂದಿದೆ, ಯಕ್ಷಗಾನದ್ದೇ ಒಂದು ಬಗೆ. ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತು ಪಾತ್ರದ ಮಾತಾಡುವುದು, ಅಷ್ಟೇ. ಒಬ್ಬರು ರಾಮ ಆದರೆ ಇನ್ನೊಬ್ಬರು ವಾಲಿ. ಆ ವಾಲಿ ಕೇಳುತ್ತಾನೆ, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯ ಅರ್ಥ ಹೇಳಿದರೆ, ರಾತ್ರಿ ಎರಡು ಗಂಟೆಗೆ ರಾಮಭಕ್ತರೇ ತಲೆದೂಗುತ್ತಿದ್ದರು. ಬೆಳಿಗ್ಗೆ ಎದ್ದು ಅದೇ ಜನ ರಾಮನ ದೇವಸ್ಥಾನಕ್ಕೆ ಹೋಗುತ್ತಿದ್ದರು. ಯಾರಿಗೂ ಏನೂ ಕಷ್ಟ ಆಗಲಿಲ್ಲ.

ಇವತ್ತು ರಾವಣನ ಪರ ವಾದ ಮಾಡಿದವ ನಾಳೆ ವಿಭೀಷಣ. ಅರ್ಥಧಾರಿ ಮನೆಯಲ್ಲಿ ಯಾವ ಪಕ್ಷಕ್ಕೆ ಓಟು ಹಾಕುತ್ತಾನೆ ಅಂತ ಕೇಳಿಕೊಂಡು ಆಟಕ್ಕೆ ಹೋದವರನ್ನು ನಾನು ಕಂಡಿಲ್ಲ.

ಹಳೇಗನ್ನಡ_ಹುಚ್ಚ
ಮಾತು ಚಂದ, ಹೋಲಿಕೆ ಮಾತ್ರ ಕೂರುತ್ತಿಲ್ಲ ಭಟ್ರೇ (ಭಟ್ರಾ ಅಲ್ಲವಾ ಗೊತ್ತಿಲ್ಲ). ಅರ್ಥಧಾರಿ ವಾಲಿಯ ಮಾತು ಆಡುತ್ತಾನೆ. ಕಮಲ್ ಆಡಿದ್ದು ಕಮಲ್ ಮಾತನ್ನೇ. ವೇಷ ಕಳಚಿದ ಮೇಲೆ ಆಡಿದ ಮಾತಿನ ಬಗ್ಗೆ ತಾನೇ ಇಲ್ಲಿ ಜಗಳ?

ಘಟ್ಟದ_ಕೆಳಗಿನವ
ಭಟ್ಟ ಅಲ್ಲ, ಶೆಟ್ಟಿ. ನಿಮ್ಮ ಮಾತು ಒಪ್ಪಿದೆ. ಆದರೆ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಬಣ್ಣ ಒರೆಸಿಕೊಂಡ ಮೇಲೆ ಆತ ಆಡಿದ ಮಾತನ್ನು ಚೌಕಿಯಲ್ಲೇ ಜಗಳ ಆಡಿ ಮುಗಿಸಿ. ಅದನ್ನು ಹಿಡಿದುಕೊಂಡು ರಂಗಸ್ಥಳಕ್ಕೆ ಯಾಕೆ ಬರುತ್ತೀರಿ? ನಮ್ಮ ಮೇಳದಲ್ಲಿ ಒಬ್ಬ ಬಣ್ಣದ ವೇಷದವರಿದ್ದರು, ಹೆಸರು ಬೇಡ. ಊರಿಗೆಲ್ಲ ಸಾಲ. ನನ್ನ ಅಪ್ಪನಿಗೂ ಕೊಡಬೇಕಿತ್ತು. ಅಪ್ಪ ಮೊದಲ ಸಾಲಿನಲ್ಲಿ ಕೂತು ಅವರ ಮಹಿಷಾಸುರ ನೋಡಿ, ಆಟ ಮುಗಿದ ಮೇಲೆ ಚೌಕಿಗೆ ಹೋಗಿ ದುಡ್ಡು ಕೇಳುತ್ತಿದ್ದರು.

ಮೈಸೂರ್_ಪಾಕ್
ಸಿಕ್ತಾ?

ಘಟ್ಟದ_ಕೆಳಗಿನವ
ಇಲ್ಲ. ಆಟ ಮಾತ್ರ ಸಿಕ್ಕಿತು.

ಸಂಜೆ_ಬಸ್ಸು
ನಾನು ಇಲ್ಲಿವರೆಗೆ ನಗುತ್ತಾ ಓದುತ್ತಿದ್ದೆ, ಈಗ ಒಂದು ವಿಷಯ ಹೇಳಬೇಕು ಅನಿಸಿತು.

ಎಲ್ಲರೂ "ಬೇರೆ ಮಾಡಿ ನೋಡಬೇಕು" ಅನ್ನುತ್ತಿದ್ದೀರಿ. ಬೇರೆ ಮಾಡೋದು ಯಾರಿಗೆ ಸುಲಭ? ಆ ಮಾತು ಯಾರಿಗೆ ತಾಕಲಿಲ್ಲವೋ ಅವರಿಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಒಬ್ಬ ನಟ ಅಂದರೆ ಹುಚ್ಚು. ನೋಟ್‌ಬುಕ್ಕಿಗೆ ಅವರ ಫೋಟೋ ಅಂಟಿಸಿದ್ದೆ. ಆಮೇಲೆ ಒಂದು ಸಂದರ್ಶನದಲ್ಲಿ ಅವರು ಕೆಲಸಕ್ಕೆ ಹೋಗುವ ಹೆಂಗಸರ ಬಗ್ಗೆ ಮಾತಾಡಿದ್ದು ಕೇಳಿದೆ. ಏನಂದರು, ಯಾರು ಅಂತ ಬರೆಯಲ್ಲ, ಅದು ಮುಖ್ಯ ಅಲ್ಲ. ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗಿ ನಮ್ಮಿಬ್ಬರನ್ನು ಓದಿಸಿದವರು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ವಾಪಸ್ ಬರುತ್ತಿದ್ದರು. ಆ ನಟನ ಮಾತು ಕೇಳಿದಾಗ ಅವರು ಅಮ್ಮನಿಗೇ ಹೇಳಿದ ಹಾಗಾಯಿತು.

ಆಮೇಲೆ ಅವರ ಸಿನಿಮಾ ಹಾಕಿದರೆ, ಅವರು ತೆರೆಯ ಮೇಲೆ ತಾಯಿಯ ಕಾಲು ಮುಟ್ಟಿ ಅಳುತ್ತಾರೆ. ಜನ ಅಳುತ್ತಾರೆ. ನನಗೆ ನಗು ಬರುತ್ತದೆ. ನಾನು ಯಾವ ಬಹಿಷ್ಕಾರವನ್ನೂ ಮಾಡಲಿಲ್ಲ, ಯಾರಿಗೂ ನೋಡಬೇಡಿ ಅನ್ನಲಿಲ್ಲ. ನನ್ನೊಳಗೆ ಆ ಸಿನಿಮಾ ಕೆಲಸ ಮಾಡುವುದೇ ನಿಂತುಹೋಯಿತು. ಕೆಟ್ಟ ಬಲ್ಬಿನ ಹಾಗೆ. ಸ್ವಿಚ್ಚು ಹಾಕಿದರೂ ಹತ್ತಲ್ಲ.

ಅದಕ್ಕೇ ಕಾಫಿಪುಡಿ ಅವರೇ, ಅಪ್ಪ ಹಠ ಮಾಡುತ್ತಿದ್ದಾರೋ, ಇಲ್ಲ ಅವರಿಗೆ ನಿಜವಾಗಿ ಆಗುತ್ತಿಲ್ಲವೋ, ಅದನ್ನು ನೋಡಿ. ಹಠ ಆದರೆ ಮುರಿಯಬಹುದು.

ಬಾಲ್ಕನಿ_ಟಿಕೆಟ್
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ.

ತುಮಕೂರ್_ಎಕ್ಸ್‌ಪ್ರೆಸ್
ನಾನು ಹೇಳಲು ಹೊರಟದ್ದು ಇದನ್ನೇ, ನನಗೆ ಹೇಳೋಕೆ ಬರಲಿಲ್ಲ.

ಗಾಂಧಿನಗರದ_ಗೇಟು
ಸಂಜೆ ಬಸ್ಸು ಅವರು ಹೇಳಿದ್ದರಲ್ಲಿ ಒಂದು ಪದ ಹಿಡಿದುಕೊಳ್ಳುತ್ತೇನೆ. "ಯಾರಿಗೂ ನೋಡಬೇಡಿ ಅನ್ನಲಿಲ್ಲ." ನನ್ನ ಜಗಳ ಇರೋದು ಅಲ್ಲೇ. ನಾನು ನೋಡಲ್ಲ ಅನ್ನೋದು ಅವರವರ ಹಕ್ಕು. ನೀನು ನೋಡಿದರೆ ಥಿಯೇಟರಿಗೆ ಬೆಂಕಿ ಅನ್ನೋದು ಬೇರೆ. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಸೆನ್ಸಾರ್ ಆದ ಸಿನಿಮಾಗೆ ರಾಜ್ಯ ಸರ್ಕಾರ ರಕ್ಷಣೆ ಕೊಡಬೇಕು, ಮಾತು ಇಷ್ಟ ಆಗದಿದ್ದರೆ ಮಾತಿನಲ್ಲೇ ಉತ್ತರ ಕೊಡಿ ಅಂತ. ಅಷ್ಟು ಹೊತ್ತಿಗೆ ಬೇರೆ ಕಡೆ 'ಥಗ್ ಲೈಫ್'ನ ಜೂನ್ 5ರ ಬಿಡುಗಡೆ ಮುಗಿದು ಎರಡು ವಾರ ಆಗಿತ್ತು, ಬೇರೆ ಊರುಗಳಿಂದ ಸಿನಿಮಾ ಚೆನ್ನಾಗಿಲ್ಲ ಅನ್ನೋ ಸುದ್ದಿಯೂ ಬಂದಾಗಿತ್ತು. ಸುಮ್ಮನೆ ಬಿಟ್ಟಿದ್ದರೆ ಒಂದು ವಾರದಲ್ಲಿ ತಾನಾಗೇ ಎತ್ತಂಗಡಿ ಆಗುತ್ತಿತ್ತು. ಬಹಿಷ್ಕಾರದ ಕೀರ್ತಿಯಾದರೂ ಸಿಗದೆ ಹೋಗುತ್ತಿತ್ತು.

ನ್ಯೂಜೆರ್ಸಿ_ರಾಗಿಮುದ್ದೆ
ನಾನು 'ಥಗ್ ಲೈಫ್' ಒಟಿಟಿಯಲ್ಲಿ ನೋಡಿದೆ. ಕನ್ನಡಿಗನಾಗಿ ಅಲ್ಲ, ಅದರ ನಿರ್ದೇಶಕ ಮಣಿರತ್ನಂ ಅಭಿಮಾನಿಯಾಗಿ ದುಃಖವಾಯಿತು. ಅವರ ಮೊದಲ ಸಿನಿಮಾ ಕನ್ನಡದ್ದು, 1983ರ 'ಪಲ್ಲವಿ ಅನುಪಲ್ಲವಿ'. ಅಲ್ಲಿಂದ ಇಲ್ಲಿಗೆ!

ನಮ್ಮ ಪಕ್ಕದ ಮನೆಯವರು ಮಧುರೈನವರು. ಆ ಗಲಾಟೆಯ ವಾರ ಇಬ್ಬರಿಗೂ ಮಾತಾಡಲು ಮುಜುಗರ. ಕೊನೆಗೆ ಅವರೇ ಒಂದು ಡಬ್ಬಿ ಪುಳಿಯೋಗರೆ ತಂದುಕೊಟ್ಟರು. ಇದು ಯಾರ ಅಡುಗೆಯಿಂದ ಹುಟ್ಟಿದ್ದು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ತುಮಕೂರ್_ಎಕ್ಸ್‌ಪ್ರೆಸ್
ಪುಳಿಯೋಗರೆ ಮೇಲುಕೋಟೆಯದು. ಇದರಲ್ಲಿ ರಾಜಿ ಇಲ್ಲ.

ಹಳೇಗನ್ನಡ_ಹುಚ್ಚ
ಶುರು ಮಾಡಿದ್ರು.

ಮೈಸೂರ್_ಪಾಕ್
ಉಲ್ಟಾ ಸಮಸ್ಯೆ ಯಾರೂ ಹೇಳಲಿಲ್ಲ. ನಮ್ಮಜ್ಜಿ ವಜ್ರಮುನಿ ಕಂಡರೆ ಟಿವಿಗೆ ಶಾಪ ಹಾಕುತ್ತಿದ್ದರು. ನಿಜ ಜೀವನದಲ್ಲಿ ತುಂಬಾ ಸಭ್ಯರಂತೆ ಅಜ್ಜಿ ಅಂದರೆ, "ಸಭ್ಯರಾಗಿದ್ದರೆ ಆ ಹುಡುಗಿಯನ್ನ ಯಾಕೆ ಅಳಿಸ್ತಾನೆ" ಅನ್ನೋರು. ಅವರಿಗೆ ನಟ ಬೇರೆ, ಪಾತ್ರ ಬೇರೆ ಅನ್ನೋದೇ ಇರಲಿಲ್ಲ. ರಾಜಕುಮಾರ್ ದೇವರು, ವಜ್ರಮುನಿ ರಾಕ್ಷಸ, ಮುಗೀತು.

ಘಟ್ಟದ_ಕೆಳಗಿನವ
ನಿಮ್ಮಜ್ಜಿಯನ್ನು ತಾಳಮದ್ದಳೆಗೆ ಕರೆದುಕೊಂಡು ಬರಬೇಡಿ. ವಾಲಿಯ ಗತಿ ಏನು.

ಕಾಫಿಪುಡಿ
ಭಾನುವಾರ ಮುಗಿಯಿತು. ವರದಿ ಕೊಡುತ್ತೇನೆ.

ಸಂಜೆ ಬಸ್ಸು ಅವರ ಮಾತು ಮನಸ್ಸಿನಲ್ಲಿ ಇಟ್ಟುಕೊಂಡು ಅಪ್ಪನಿಗೆ ಒತ್ತಾಯ ಮಾಡಲಿಲ್ಲ. ಅಮ್ಮನಿಗೆ ಮಾತ್ರ ಸಿನಿಮಾ ಹಾಕಿಕೊಟ್ಟೆ. ಅಪ್ಪ ಪೇಪರ್ ತೆಗೆದುಕೊಂಡು ವರಾಂಡಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದರು, "ಐಸ್ ಚಾಕು ಬಂದಾಗ ಕರಿ." ಯಾಕಪ್ಪಾ ಅಂದೆ. "ಅದು ಟಿನ್ನು ಆನಂದ್ ಸೀನು. ಅವರ ಮೇಲೆ ನನಗೇನೂ ಇಲ್ಲ" ಅಂದರು.

ಬಂದರು, ಕುರ್ಚಿ ಓರೆಯಾಗಿ ಹಾಕಿಕೊಂಡು ನೋಡಿದರು. ಚಾಕು ಕರಗಿತು. ಎದ್ದು ಹೋದರು. ಆಮೇಲೆ ಅಮಲಾ ಸೀನಿಗೆ ಬಂದರು. ಅವರ ಮೇಲೂ ಏನೂ ಇಲ್ಲವಂತೆ.

ಮೈಸೂರ್_ಪಾಕ್
ಆದರೆ ಆ ಸೀನುಗಳಲ್ಲಿ ಕಮಲ್ ಹಾಸನ್ ಇರ್ತಾರಲ್ಲ?

ಕಾಫಿಪುಡಿ
ಇರ್ತಾರೆ. ಅಮ್ಮ ಬಾಯಿ ತೆಗೆಯಬೇಡ ಅಂತ ನನಗೆ ಕಣ್ಣು ಮಾಡಿದರು.

ತುಮಕೂರ್_ಎಕ್ಸ್‌ಪ್ರೆಸ್
ಅಪ್ಪನಿಗೆ ಕೊಟ್ಟ ಸಲಾಂನಲ್ಲಿ ಅರ್ಧ ವಾಪಸ್ ತಗೋತೀನಿ.

ಸಂಜೆ_ಬಸ್ಸು
ಕೊನೆಗೆ ಅಮಲಾ ವಿಳಾಸದ ಚೀಟಿ ಮೋರಿಗೆ ಬೀಳುವಾಗ ಅಪ್ಪ ಎಲ್ಲಿದ್ದರು?

ಕಾಫಿಪುಡಿ
ಅಷ್ಟು ಹೊತ್ತಿಗೆ ಜಗಳ ಬೇರೆ ಕಡೆ ಹೋಗಿತ್ತು ಮೇಡಂ. ವಿಂಡ್ಸರ್ ಮ್ಯಾನರ್ ಕಂಡ ತಕ್ಷಣ ಅಪ್ಪ, "ಇದರ ಬ್ರಿಡ್ಜ್ ಹತ್ತಿರವೇ ನನ್ನ ಲೂನಾ ಕೆಟ್ಟು ನಿಂತದ್ದು, ಒಬ್ಬನೇ ತಳ್ಳಿಕೊಂಡು ಬಂದೆ" ಅಂದರು. ಅಮ್ಮ, "ಒಬ್ಬರೇ ಹೇಗಾಗುತ್ತೆ? ಹಿಂದಿನಿಂದ ತಳ್ಳಿದ್ದು ನಾನು, ಹೊಸ ಸೀರೆ ಅಂಚು ಎಣ್ಣೆಯಾಯಿತು" ಅಂದರು. ಅಪ್ಪ ಅದು ಬೇರೆ ದಿನ ಅನ್ನುತ್ತಾರೆ. ಆ ಜಗಳ ಇನ್ನೂ ನಡೆಯುತ್ತಿದೆ. ಅಮ್ಮ ಈಗ ಆ ಸೀರೆ ಹುಡುಕಲು ಟ್ರಂಕು ತೆಗೆದಿದ್ದಾರೆ.